ಲ್ಯಾರಿ ಕ್ರೇಮರ್ ಅವರ ಕೂಗು, ಐರಿಸ್ ಲಾಂಗ್ ಅವರ ಪಾಠ: ಎಥಿಕ್ಸ್ ಕಮಿಟಿ ಸದಸ್ಯರಿಗೊಂದು ಬಹಿರಂಗ ಪತ್ರ

ಮಾನ್ಯರೆ,

ವೈದ್ಯಕೀಯ ಕಾಲೇಜು, ಆಸ್ಪತ್ರೆಗಳ ಎಥಿಕ್ಸ್ ಕಮಿಟಿಗಳಲ್ಲಿ ಕೂತು ಔಷಧ ಪ್ರಯೋಗಗಳಿಗೆ ಒಪ್ಪಿಗೆ ಕೊಡುವ ನಿಮಗೆ ಈ ಪತ್ರ. ಅದರಲ್ಲೂ ನಿಮ್ಮಲ್ಲಿ ವೈದ್ಯರಲ್ಲದವರಿಗೆ: ವಕೀಲರಿಗೆ, ಸಮಾಜ ವಿಜ್ಞಾನಿಗಳಿಗೆ, ನಿಯಮದ ಭಾಷೆಯಲ್ಲಿ ‘ಲೇ ಪರ್ಸನ್’ ಅನ್ನಿಸಿಕೊಂಡು ಮೇಜಿನ ತುದಿಯ ಕುರ್ಚಿಯಲ್ಲಿ ಕೂರುವವರಿಗೆ.

ಏಡ್ಸ್ ಚರಿತ್ರೆಯ ಮಾತು ಬಂದಲ್ಲೆಲ್ಲ ಒಂದು ವಾಕ್ಯ ಕಿವಿಗೆ ಬೀಳುತ್ತದೆ. ಅಮೆರಿಕದ ವೈದ್ಯಕೀಯಕ್ಕೆ ಎರಡೇ ಯುಗ, ಲ್ಯಾರಿಗಿಂತ ಮೊದಲಿನದು, ಲ್ಯಾರಿಯ ನಂತರದ್ದು. ಲ್ಯಾರಿ ಅಂದರೆ ನ್ಯೂಯಾರ್ಕಿನ ನಾಟಕಕಾರ, ಜಗಳಗಂಟ ಹೋರಾಟಗಾರ ಲ್ಯಾರಿ ಕ್ರೇಮರ್. ಮಾತು ಆಡಿದವರು ಅಮೆರಿಕ ಸರ್ಕಾರದ ಸೋಂಕುರೋಗ ಸಂಶೋಧನಾ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಆಂಟನಿ ಫೌಚಿ. 1988ರಲ್ಲಿ ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದು ಕೊಲೆಗಾರ, ಕೈಲಾಗದ ಮೂರ್ಖ ಎಂದು ಕ್ರೇಮರ್ ಬೈದದ್ದು ಇದೇ ಫೌಚಿಯವರನ್ನು. ಬೈಸಿಕೊಂಡವರೇ ಹೊಗಳಿದ ಮೇಲೆ ಇನ್ನೇನಿದೆ ಎಂದು ಕೇಳಿದವರು ತಲೆದೂಗುತ್ತಾರೆ. ನಮ್ಮ ತಕರಾರು ಶುರುವಾಗುವುದು ಇಲ್ಲೇ. ಈ ಮಾತು ಕೇಳಿದವರು ಎರಡರಲ್ಲೊಂದನ್ನು ಕಲಿತು ಮನೆಗೆ ಹೋಗುತ್ತಾರೆ: ಜೋರಾಗಿ ಕೂಗಿದರೆ ಔಷಧ ಸಿಗುತ್ತದೆ, ಇಲ್ಲವೇ ಕೂಗುವವರನ್ನು ಒಳಗೆ ಬಿಟ್ಟರೆ ವಿಜ್ಞಾನ ಕೆಡುತ್ತದೆ. 1981ರಿಂದ 1996ರವರೆಗೆ ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಎರಡೂ ಪಾಠ ನಿಲ್ಲುವುದಿಲ್ಲ.

1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ವಾರಪತ್ರಿಕೆ ಲಾಸ್ ಏಂಜಲೀಸ್‌ನ ಐವರು ಯುವಕರಿಗೆ ನ್ಯುಮೊಸಿಸ್ಟಿಸ್ ಎಂಬ ಅಪರೂಪದ ನ್ಯುಮೋನಿಯಾ ಬಂದದ್ದನ್ನು ವರದಿ ಮಾಡಿತು. ಏಡ್ಸ್‌ನ ಮೊದಲ ವರದಿ ಅದೇ. ಎರಡು ತಿಂಗಳು ತುಂಬಿದ ಮೇಲೆ, ಆಗಸ್ಟ್ 11ರಂದು, ಕ್ರೇಮರ್ ತಮ್ಮ ಮನೆಗೆ ಸುಮಾರು 80 ಮಂದಿಯನ್ನು ಕರೆದು ಒಬ್ಬ ಚರ್ಮವೈದ್ಯರಿಂದ ವಿಷಯ ಹೇಳಿಸಿದರು. ಅಲ್ಲೇ ಚಂದಾ ಎತ್ತಿದಾಗ ಕೂಡಿದ ಹಣ 6,635 ಡಾಲರ್. ಅದರಿಂದ ಹುಟ್ಟಿದ್ದು 1982ರ ಗೇ ಮೆನ್ಸ್ ಹೆಲ್ತ್ ಕ್ರೈಸಿಸ್ ಸಂಸ್ಥೆ. ಏಡ್ಸ್ ರೋಗಿಗಳ ಆರೈಕೆಗೆಂದು ಜಗತ್ತಿನಲ್ಲೇ ಮೊದಲು ಎದ್ದ ಸಂಸ್ಥೆ ಅದು. ಅದನ್ನು ಕಟ್ಟಿದ ಆರು ಮಂದಿಯಲ್ಲಿ ಕ್ರೇಮರ್ ಒಬ್ಬರು, ಒಂದೂವರೆ ವರ್ಷದೊಳಗೆ ಅದರಿಂದ ಹೊರಬಿದ್ದವರೂ ಅವರೇ. 1983ರ ಮಾರ್ಚ್‌ನಲ್ಲಿ ಅವರು ಬರೆದ ಲೇಖನದ ಶೀರ್ಷಿಕೆಯೇ ಆ ದಿನದ ರೋಗಿಗಳ ಲೆಕ್ಕ: 1,112, ಇನ್ನೂ ಏರುತ್ತಿದೆ. ಮೇಯರ್ ಎಡ್ ಕಾಚ್, ಸರ್ಕಾರಿ ವಿಜ್ಞಾನಿಗಳು, ಪತ್ರಿಕೆಗಳು, ವೈದ್ಯರು, ತಮ್ಮದೇ ಸಮುದಾಯದ ಗಂಡಸರು, ಯಾರನ್ನೂ ಅದರಲ್ಲಿ ಬಿಡಲಿಲ್ಲ. ಮೇಯರ್ ಮಾತುಕತೆಗೆ ಒಪ್ಪಿದಾಗ ಸಂಸ್ಥೆ ಕ್ರೇಮರ್ ಅವರನ್ನೇ ಕಳಿಸಲಿಲ್ಲ. ಬೆಂಕಿ ಹಚ್ಚಿ ಬರುತ್ತಾರೆ ಎಂಬ ಭಯ. ರಾಜೀನಾಮೆ ಎಸೆದು ನಡೆದರು.

ಅವರ ಮೇಲಿನ ಸಿಟ್ಟಿಗೆ ಹಳೆಯ ಬೇರೂ ಇತ್ತು. 1978ರ ಕಾದಂಬರಿಯಲ್ಲಿ ತಮ್ಮ ಊರಿನ ಸಲಿಂಗಿ ಗಂಡಸರ ಸ್ವಚ್ಛಂದ ಲೈಂಗಿಕತೆಯನ್ನು ಅವರು ಗೇಲಿ ಮಾಡಿದ್ದರು. ವೈರಸ್ ಯಾವುದೆಂದು ಗೊತ್ತಾಗುವ ಮೊದಲೇ ‘ಸಂಭೋಗ ನಿಲ್ಲಿಸಿ’ ಎಂದಾಗ, ಮತ್ತೆ ಅದೇ ಮಡಿವಂತಿಕೆಯ ರಾಗ ಎಂದು ಜನ ಕಿವಿ ಮುಚ್ಚಿಕೊಂಡರು. ಸೋಂಕು ಹರಡುವ ದಾರಿಯ ಬಗ್ಗೆ ಅವರ ಊಹೆ ಸರಿಯಿತ್ತು. ಹೇಳಿದ ಧಾಟಿಯಿಂದಲೇ ಆ ಮಾತು ಬಿದ್ದುಹೋಯಿತು ಎಂಬುದೂ ಅಷ್ಟೇ ಸರಿ.

ಎರಡನೆಯ ಸುತ್ತು 1987ರ ಮಾರ್ಚ್ 10ರದು. ಬೇರೊಬ್ಬರ ಬದಲಿಗೆ ಭಾಷಣಕ್ಕೆ ಬಂದ ಕ್ರೇಮರ್, ಸಭೆಯ ಮೂರರಲ್ಲಿ ಎರಡು ಭಾಗದವರನ್ನು ಎದ್ದು ನಿಲ್ಲಿಸಿ, ಐದು ವರ್ಷದಲ್ಲಿ ನೀವೆಲ್ಲ ಸತ್ತಿರಬಹುದು ಎಂದರು. ಕೆಲವೇ ದಿನಗಳಲ್ಲಿ ಆಕ್ಟ್ ಅಪ್ ಎಂಬ ಹೋರಾಟದ ಸಂಘಟನೆ ಹುಟ್ಟಿತು. ಮಾರ್ಚ್ 24ರಂದು ವಾಲ್ ಸ್ಟ್ರೀಟ್‌ನಲ್ಲಿ ರಸ್ತೆಗೆ ಕೂತರು, 17 ಮಂದಿ ಬಂಧನವಾಯಿತು. ಗುರಿ ಎರಡು: ಔಷಧಕ್ಕೆ ಪರವಾನಗಿ ಕೊಡುವ ಎಫ್‌ಡಿಎಯ ನಿಧಾನ, ಮತ್ತು ಏಡ್ಸ್‌ಗೆ ಪರವಾನಗಿ ಪಡೆದ ಮೊದಲ ಔಷಧ ಎಜಡ್‌ಟಿಯ ಬೆಲೆ. ವರ್ಷಕ್ಕೆ ಸುಮಾರು 10,000 ಡಾಲರ್ ಬೆಲೆಯ ಈ ಔಷಧವನ್ನು ಕ್ಯಾನ್ಸರಿಗೆಂದು 1964ರಲ್ಲೇ ಸರ್ಕಾರಿ ಹಣದಲ್ಲಿ ತಯಾರಿಸಲಾಗಿತ್ತು.

ಇಲ್ಲಿಯವರೆಗೆ ಎಲ್ಲರಿಗೂ ಗೊತ್ತಿರುವ ಕತೆ. ಇದಕ್ಕಿಂತ ಮುಂದಿನದು ನಿಮ್ಮ ಮೇಜಿಗೆ ಸಂಬಂಧಪಟ್ಟದ್ದು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇವೆ.

ಎಜಡ್‌ಟಿಗೆ ಪರವಾನಗಿ ಸಿಕ್ಕಿದ್ದು ಒಂದೇ ಪ್ರಯೋಗದ ಬಲದ ಮೇಲೆ. 282 ರೋಗಿಗಳು: 145 ಮಂದಿಗೆ ಔಷಧ, 137 ಮಂದಿಗೆ ಪ್ಲಸೀಬೊ, ಅಂದರೆ ಔಷಧದಂತೆಯೇ ಕಾಣುವ ಖಾಲಿ ಮಾತ್ರೆ. ನಾಲ್ಕು ಗಂಟೆಗೊಮ್ಮೆ 250 ಮಿಲಿಗ್ರಾಂ, ಹಗಲು ರಾತ್ರಿ. 1986ರ ಸೆಪ್ಟೆಂಬರ್‌ನಲ್ಲಿ ಲೆಕ್ಕ ತೆಗೆದಾಗ ಖಾಲಿ ಮಾತ್ರೆಯವರಲ್ಲಿ 19 ಸಾವು, ಔಷಧ ತೆಗೆದುಕೊಂಡವರಲ್ಲಿ 1. ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದರು. ಔಷಧ ಕೆಲಸ ಮಾಡುತ್ತದೆ ಎಂಬುದು ಆ 19 ಸಾವಿಲ್ಲದೆ ಅಷ್ಟು ಬೇಗ ಗೊತ್ತಾಗುತ್ತಿರಲಿಲ್ಲ. ಪ್ಲಸೀಬೊ ಬೇಕೋ ಬೇಡವೋ ಎಂಬ ಪ್ರಶ್ನೆಯ ಉರಿ ಇರುವುದು ಇಲ್ಲಿ. ಜ್ವರದ ಮಾತ್ರೆಗೆ ಪ್ಲಸೀಬೊ ಇಟ್ಟಂತಲ್ಲ ಇದು.

ಸಾವು ಎದುರಿಗೆ ನಿಂತಿರುವ ರೋಗಿ ಪ್ರೋಟೋಕಾಲ್, ಅಂದರೆ ಪ್ರಯೋಗದ ಲಿಖಿತ ನಿಯಮಾವಳಿ, ಪಾಲಿಸುವುದಿಲ್ಲ. ಆ ಕಾಲದ ರೋಗಿಗಳು ಕ್ಯಾಪ್ಸೂಲ್ ಬಿಚ್ಚಿ ಪುಡಿಯ ರುಚಿ ನೋಡಿದರು. ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸಿದರು. ಖಾಲಿ ಮಾತ್ರೆ ಎಂದು ಗೊತ್ತಾದರೆ ಬಿಟ್ಟುಹೋದರು. ಗೆಳೆಯರಿಬ್ಬರು ತಮ್ಮ ಮಾತ್ರೆಗಳನ್ನು ಒಟ್ಟು ಹಾಕಿ ಹಂಚಿಕೊಂಡರು, ಒಬ್ಬರಿಗೆ ಪೂರ್ತಿ ತಪ್ಪುವ ಬದಲು ಇಬ್ಬರಿಗೂ ಅರ್ಧವಾದರೂ ಸಿಗಲಿ ಎಂದು. ಮಾನವೀಯವಾಗಿ ಇದಕ್ಕಿಂತ ಸಹಜವಾದದ್ದಿಲ್ಲ. ಲೆಕ್ಕಕ್ಕೆ ಇದಕ್ಕಿಂತ ಕೆಟ್ಟದ್ದೂ ಇಲ್ಲ. ಎರಡೂ ಗುಂಪಿನ ಹೊಟ್ಟೆಯಲ್ಲಿ ಔಷಧ ಸೇರಿದರೆ ಗುಂಪುಗಳ ನಡುವಿನ ವ್ಯತ್ಯಾಸ ಕರಗುತ್ತದೆ, ಒಳ್ಳೆಯ ಔಷಧವೂ ನಿಷ್ಪ್ರಯೋಜಕ ಎಂದು ಕಾಣುತ್ತದೆ. ಅದನ್ನು ಸರಿದೂಗಿಸಲು ಇನ್ನಷ್ಟು ಜನ, ಇನ್ನಷ್ಟು ತಿಂಗಳು, ಇನ್ನಷ್ಟು ಸಾವು. ಅಂದರೆ ಕ್ರೂರವಾದ ವಿನ್ಯಾಸ ಕೆಟ್ಟ ವಿಜ್ಞಾನವೂ ಆಗುತ್ತದೆ.

ಇನ್ನೊಂದು ಷರತ್ತು ಇದಕ್ಕಿಂತ ಕೆಟ್ಟದಿತ್ತು: ಪ್ರಯೋಗದಲ್ಲಿರುವಷ್ಟು ದಿನ ಬೇರೆ ಔಷಧ ಮುಟ್ಟಬಾರದು. ಫಲಿತಾಂಶ ‘ಶುದ್ಧ’ವಾಗಿರಬೇಕಲ್ಲ. ಆದರೆ ಏಡ್ಸ್ ರೋಗಿಗಳಲ್ಲಿ ಹೆಚ್ಚಿನವರನ್ನು ಆಗ ಕೊಲ್ಲುತ್ತಿದ್ದದ್ದು ನ್ಯುಮೊಸಿಸ್ಟಿಸ್ ನ್ಯುಮೋನಿಯಾ. ಅದನ್ನು ತಡೆಯುವ ಅಗ್ಗದ ಮಾತ್ರೆ ಅಂಗಡಿಯಲ್ಲೇ ಇತ್ತು: ಕೋಟ್ರೈಮಾಕ್ಸಜೋಲ್, ನಮ್ಮಲ್ಲಿ ಸೆಪ್ಟ್ರಾನ್ ಎಂದು ಕೇಳಿ ಕೊಳ್ಳುವ ಅದೇ ಮಾತ್ರೆ. ರಕ್ತ ಕ್ಯಾನ್ಸರಿನ ಮಕ್ಕಳಲ್ಲಿ ಅದು ಈ ನ್ಯುಮೋನಿಯಾವನ್ನು ತಡೆಯುತ್ತದೆಂದು 1977ರಲ್ಲೇ ಸಾಬೀತಾಗಿತ್ತು. ಸ್ವತಃ ರೋಗಿಯಾಗಿದ್ದ ಗಾಯಕ ಮೈಕಲ್ ಕ್ಯಾಲೆನ್ 1987ರ ಮೇ ತಿಂಗಳಲ್ಲಿ ಫೌಚಿಯವರನ್ನು ಕಂಡು, ವೈದ್ಯರಿಗೊಂದು ಮಾರ್ಗಸೂಚಿ ಹೊರಡಿಸಿ ಎಂದು ಕೇಳಿಕೊಂಡರು. ಏಡ್ಸ್ ರೋಗಿಗಳಲ್ಲೇ ನಡೆಸಿದ ಪ್ರಯೋಗದ ಪುರಾವೆ ಇಲ್ಲ ಎಂಬ ಉತ್ತರ ಬಂತು. ಮಾರ್ಗಸೂಚಿ ಬಂದದ್ದು 1989ರ ಜೂನ್‌ನಲ್ಲಿ. ಆ ಎರಡು ವರ್ಷಗಳಲ್ಲಿ ಇದೊಂದೇ ನ್ಯುಮೋನಿಯಾದಿಂದ ಸತ್ತವರು 16,929 ಎಂದು ಕ್ಯಾಲೆನ್ ಲೆಕ್ಕ ಹಾಕಿದರು. ಅದರಲ್ಲಿ ಎಷ್ಟು ಜನ ಉಳಿಯುತ್ತಿದ್ದರು ಎಂಬುದನ್ನು ವಾದಿಸಬಹುದು. ಪುರಾವೆ ಸಾಲದು ಎನ್ನುವ ಮಾತಿಗೂ ಹೆಣದ ಲೆಕ್ಕ ಇರುತ್ತದೆ ಎಂಬುದನ್ನು ವಾದಿಸಲಾಗದು.

ಈ ಯಾವ ಸೂಕ್ಷ್ಮವೂ ಕ್ರೇಮರ್ ಅವರ ತಲೆಯಿಂದ ಬಂದದ್ದಲ್ಲ. ಬಾಯಿ ಇದ್ದವ ಬರಗಾಲದಲ್ಲೂ ಬದುಕಿದ ಎನ್ನುತ್ತೇವಲ್ಲ, ಆ ಬಾಯಿ ಅವರದು. ಪ್ರೋಟೋಕಾಲ್ ಓದುವ ಕಣ್ಣು ಬೇರೆಯವರದು. ಆಕ್ಟ್ ಅಪ್‌ನ ಸಭೆಗೆ ಐರಿಸ್ ಲಾಂಗ್ ಎಂಬ ನಡುವಯಸ್ಸಿನ ಗೃಹಿಣಿ ಬಂದರು. ನಿವೃತ್ತ ರಸಾಯನ ವಿಜ್ಞಾನಿ, ಔಷಧ ತಯಾರಿಕೆಯಲ್ಲಿ ವರ್ಷಗಟ್ಟಲೆ ದುಡಿದವರು, ಏಡ್ಸ್ ಬಂದ ಪರಿಚಯಸ್ಥರು ಒಬ್ಬರೂ ಇರಲಿಲ್ಲ. ನಿಮಗೆ ಏನೂ ಗೊತ್ತಿಲ್ಲ, ಕಲಿಯುವುದಾದರೆ ಕಲಿಸುತ್ತೇನೆ ಎಂದರು. ಪ್ರತಿವಾರ ಪಾಠ ಶುರುವಾಯಿತು: ವೈರಸ್ ಹೇಗೆ ಬೆಳೆಯುತ್ತದೆ, ಪ್ರಯೋಗದ ಮೂರು ಹಂತಗಳು ಯಾವುವು, ಎಂಡ್‌ಪಾಯಿಂಟ್ ಎಂದರೇನು, ನಗರದ ಯಾವ ಆಸ್ಪತ್ರೆಯಲ್ಲಿ ಯಾವ ಪ್ರಯೋಗ ನಡೆಯುತ್ತಿದೆ, ಅದಕ್ಕೆ ಯಾರನ್ನು ಸೇರಿಸಿಕೊಳ್ಳುತ್ತಾರೆ, ಯಾರನ್ನು ಹೊರಗಿಡುತ್ತಾರೆ. ಆ ಪಾಠದಿಂದ ಎದ್ದ ‘ಟ್ರೀಟ್‌ಮೆಂಟ್ ಆ್ಯಂಡ್ ಡೇಟಾ’ ಸಮಿತಿಯ ಜಿಮ್ ಐಗೊ ಕತೆಗಾರ. ಮಾರ್ಕ್ ಹ್ಯಾರಿಂಗ್ಟನ್ ಅವರಿಗೆ ವಿಜ್ಞಾನದ ಪದವಿ ಇರಲಿಲ್ಲ. ಅವರು ಮೊದಲು ಮಾಡಿದ ಕೆಲಸ, ಅರ್ಥವಾಗದ ಪದಗಳನ್ನೆಲ್ಲ ಕಲೆಹಾಕಿ ಒಂದು ಪದಕೋಶ ಬರೆದದ್ದು. ಕನ್ನಡದಲ್ಲಿ ಒಪ್ಪಿಗೆ ಪತ್ರ ಓದಿ ತಲೆ ಕೆರೆದುಕೊಂಡಿರುವ ನಿಮ್ಮಲ್ಲಿ ಕೆಲವರಿಗೆ ಆ ಕೆಲಸದ ಬೆಲೆ ತಿಳಿದೇ ಇರುತ್ತದೆ.

1988ರ ಅಕ್ಟೋಬರ್ 11ರಂದು ಸಾವಿರಕ್ಕೂ ಹೆಚ್ಚು ಜನ ಮೇರಿಲ್ಯಾಂಡ್‌ನ ರಾಕ್‌ವಿಲ್‌ನಲ್ಲಿರುವ ಎಫ್‌ಡಿಎ ಕಟ್ಟಡವನ್ನು ಮುತ್ತಿದಾಗ, ಸುಮಾರು 180 ಮಂದಿಯನ್ನು ಪೊಲೀಸರು ಎಳೆದೊಯ್ದರು. ಟಿವಿಯಲ್ಲಿ ಕಂಡದ್ದು ಅದು. ಕಾಣದೇ ಉಳಿದದ್ದು ಅದಕ್ಕೆ ಮೊದಲು ಪತ್ರಕರ್ತರಿಗೂ ಪ್ರತಿಭಟನಾಕಾರರಿಗೂ ಹಂಚಿದ ಕೈಪಿಡಿ. ಅದರಲ್ಲಿದ್ದ ಬೇಡಿಕೆಗಳು ಘೋಷಣೆಗಳಲ್ಲ, ತಿದ್ದುಪಡಿಗಳು: ಮಾರಕ ಕಾಯಿಲೆಯಲ್ಲಿ ಖಾಲಿ ಮಾತ್ರೆಗೆ ಬದಲು ಈಗಿರುವ ಔಷಧದೊಂದಿಗೆ ಅಥವಾ ಬೇರೆ ಬೇರೆ ಡೋಸ್‌ಗಳೊಂದಿಗೆ ಹೋಲಿಸಿ, ನ್ಯುಮೋನಿಯಾ ತಡೆಯುವ ಮಾತ್ರೆ ನುಂಗಲು ಬಿಡಿ, ಹೆಂಗಸರನ್ನು, ಕಪ್ಪು ಜನರನ್ನು, ಮಾದಕ ವಸ್ತು ಚುಚ್ಚಿಕೊಳ್ಳುವವರನ್ನು ಹೊರಗಿಡಬೇಡಿ.

ಅದೇ ತಿಂಗಳು ಎಫ್‌ಡಿಎ ಹೊಸ ನಿಯಮ ತಂದು, ಮಾರಕ ಕಾಯಿಲೆಗಳಿಗೆ ಮೂರನೇ ಹಂತಕ್ಕೆ ಕಾಯದೆ ಎರಡನೇ ಹಂತದ ಪ್ರಯೋಗ ಮುಗಿದೊಡನೆ ಪರವಾನಗಿ ಕೊಡಲು ದಾರಿ ಮಾಡಿತು. ಇದನ್ನು ಮುತ್ತಿಗೆಯ ಗೆಲುವು ಎಂದು ಬರೆಯುವವರಿದ್ದಾರೆ. ದಯವಿಟ್ಟು ಹಾಗೆ ಹೇಳಿಕೊಡಬೇಡಿ. ಎಫ್‌ಡಿಎಯ ಬಿಗಿ ಸಡಿಲಿಸಬೇಕೆಂಬ ಒತ್ತಡ ರೇಗನ್ ಆಡಳಿತದ ಒಳಗೇ ಇತ್ತು, ಉದ್ಯಮಪರ ಬಲಪಂಥೀಯರದು. ಆ ನಿಯಮದ ಕೆಲಸ ಮುತ್ತಿಗೆಗೆ ಮೊದಲೇ ನಡೆದಿತ್ತು. ಒಂದೇ ಬಾಗಿಲನ್ನು ಎರಡು ಕಡೆಯಿಂದ ಎರಡು ಬೇರೆ ಕಾರಣಕ್ಕೆ ತಳ್ಳುತ್ತಿದ್ದರು. ಹೋರಾಟಗಾರರು ತಾವಾಗಿ ಗಳಿಸಿದ್ದು ಇದಕ್ಕಿಂತ ಸಣ್ಣದು, ಗಟ್ಟಿಯಾದದ್ದು. ಉದಾಹರಣೆಗೆ, ನ್ಯೂಯಾರ್ಕ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊಗಳಲ್ಲಿ ಮೊಹಲ್ಲಾ ವೈದ್ಯರೂ ರೋಗಿಗಳೂ ಸೇರಿ ಅದೇ ನ್ಯುಮೋನಿಯಾವನ್ನು ತಡೆಯಲು ಪೆಂಟಾಮಿಡಿನ್ ಔಷಧವನ್ನು ನೆಬ್ಯುಲೈಸರ್‌ನಲ್ಲಿ ಉಸಿರಾಡಿಸುವ ಪ್ರಯೋಗ ನಡೆಸಿದರು. ಅಲ್ಲಿ ಪ್ಲಸೀಬೊ ಬೇಡವೆಂದು ರೋಗಿಗಳೇ ಪಟ್ಟು ಹಿಡಿದಿದ್ದರಿಂದ ಸ್ಯಾನ್ ಫ್ರಾನ್ಸಿಸ್ಕೊದ ಪ್ರಯೋಗದಲ್ಲಿ ಹೋಲಿಸಿದ್ದು ಡೋಸ್‌ಗಳನ್ನು. ನಾಲ್ಕು ವಾರಕ್ಕೊಮ್ಮೆ 300 ಮಿಲಿಗ್ರಾಂ ಗೆದ್ದಿತು. ಆ ದತ್ತಾಂಶದ ಮೇಲೆ 1989ರಲ್ಲಿ ಪರವಾನಗಿ ಸಿಕ್ಕಿತು.

ಫೌಚಿ ತಿರುಗಿದ್ದೂ ಅದೇ ವರ್ಷ. ಪ್ರಯೋಗಕ್ಕೆ ಸೇರಲಾಗದವರಿಗೆ ಅದರ ಪಕ್ಕದಲ್ಲೇ ಔಷಧ ಕೊಡುವ ‘ಪ್ಯಾರಲಲ್ ಟ್ರ್ಯಾಕ್’ಗೆ ಅವರು ಬಹಿರಂಗವಾಗಿ ಒಪ್ಪಿದರು. 1990ರ ಮೇ 21ರಂದು ಹೋರಾಟಗಾರರು ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಆವರಣಕ್ಕೆ ನುಗ್ಗಿದ ಮೇಲೆ ಸರ್ಕಾರಿ ಏಡ್ಸ್ ಪ್ರಯೋಗ ಜಾಲದ ಸಮಿತಿಗಳಲ್ಲಿ ರೋಗಿಗಳ ಪ್ರತಿನಿಧಿಗಳಿಗೆ ಜಾಗ ಸಿಕ್ಕಿತು. ಕ್ರೇಮರ್ ಆ ವರ್ಷ ಏನು ಮಾಡುತ್ತಿದ್ದರು? ಸ್ಯಾನ್ ಫ್ರಾನ್ಸಿಸ್ಕೊದ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನದಲ್ಲಿ ದಂಗೆ ಏಳಿ ಎಂದು ಕರೆ ಕೊಟ್ಟಿದ್ದರು. ಆಕ್ಟ್ ಅಪ್‌ನವರು ಅದಕ್ಕೆ ಓಗೊಡಲಿಲ್ಲ. ದಂಗೆಯ ಬದಲು ಪೀಟರ್ ಸ್ಟೇಲಿ ಎಂಬ ಕಾರ್ಯಕರ್ತ ಸಮ್ಮೇಳನದ ಉದ್ಘಾಟನಾ ವೇದಿಕೆಯಿಂದ ಮಾತಾಡಿದರು.

ಈಗ ಅವಸರಕ್ಕೆ ತೆತ್ತ ಬೆಲೆ. ಹೋರಾಟವನ್ನು ಮೆಚ್ಚುವವರು ಈ ಭಾಗವನ್ನು ನುಂಗಿಬಿಡುತ್ತಾರೆ. ಪ್ಯಾರಲಲ್ ಟ್ರ್ಯಾಕ್‌ನ ದಾರಿಯಲ್ಲಿ ಡಿಡಿಐ ಎಂಬ ಔಷಧ 20,000ಕ್ಕೂ ಹೆಚ್ಚು ಜನರಿಗೆ ಪರವಾನಗಿಗೆ ಮೊದಲೇ ತಲುಪಿತು. ಮೇದೋಜೀರಕ ಗ್ರಂಥಿ ಊದಿ ಸತ್ತವರೂ ಅವರಲ್ಲಿದ್ದರು. ರಕ್ತದಲ್ಲಿ ಸಿಡಿ4 ಎಂಬ ರೋಗನಿರೋಧಕ ಕಣಗಳ ಸಂಖ್ಯೆ ಏರಿದರೆ ಸಾಕು, ಸಾವು ಕಡಿಮೆಯಾಯಿತೇ ಎಂದು ಕಾಯುವುದು ಬೇಡ ಎಂಬ ವಾದ ಗೆದ್ದು 1992ರಲ್ಲಿ ನಿಯಮವೇ ಆಯಿತು. ಮರುವರ್ಷ ಯುರೋಪಿನ ಕಾಂಕಾರ್ಡ್ ಪ್ರಯೋಗದ ಫಲಿತಾಂಶ ಬಂತು. ರೋಗಲಕ್ಷಣವಿಲ್ಲದ 1,749 ಸೋಂಕಿತರಲ್ಲಿ, ಎಜಡ್‌ಟಿ ಬೇಗ ಶುರುಮಾಡಿದವರ ಸಿಡಿ4 ಚೆನ್ನಾಗಿಯೇ ಇತ್ತು, ಆಯಸ್ಸು ಮಾತ್ರ ಹೆಚ್ಚಲಿಲ್ಲ. ಒಂಟಿ ಔಷಧಕ್ಕೆ ವೈರಸ್ ಒಗ್ಗಿಕೊಂಡುಬಿಡುತ್ತಿತ್ತು.

ಆಗ ಹೋರಾಟಗಾರರಲ್ಲೇ ಒಂದು ಗುಂಪು ತನ್ನ ಹಳೆಯ ಬೇಡಿಕೆಯನ್ನು ತಿರುವಿ ನೋಡಿತು. 1992ರಲ್ಲಿ ಆಕ್ಟ್ ಅಪ್‌ನಿಂದ ಒಡೆದು ಟ್ರೀಟ್‌ಮೆಂಟ್ ಆ್ಯಕ್ಷನ್ ಗ್ರೂಪ್ ಕಟ್ಟಿಕೊಂಡಿದ್ದ ಹ್ಯಾರಿಂಗ್ಟನ್ ಮತ್ತು ಸಂಗಡಿಗರು 1994ರಲ್ಲಿ ಎಫ್‌ಡಿಎಗೆ ಬರೆದು, ಸಕ್ವಿನಾವಿರ್ ಎಂಬ ಹೊಸ ಔಷಧಕ್ಕೆ ಆತುರದ ಪರವಾನಗಿ ಬೇಡ, ಮೊದಲು ದೊಡ್ಡ ಪ್ರಯೋಗ ಮಾಡಿಸಿ ಎಂದರು. ಮಿಕ್ಕ ಹೋರಾಟಗಾರರು ದ್ರೋಹಿಗಳೆಂದು ಹರಿಹಾಯ್ದರು. ಸಕ್ವಿನಾವಿರ್ 1995ರ ಡಿಸೆಂಬರ್‌ನಲ್ಲಿ ಬಂತು, 600 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ನುಂಗಿದ್ದರಲ್ಲಿ ರಕ್ತಕ್ಕೆ ಸೇರುತ್ತಿದ್ದದ್ದು ಸುಮಾರು ಶೇ 4 ಮಾತ್ರ. ಡೋಸ್ ಸಾಲದೆ ಕಂಪನಿ ಮುಂದೆ ಹೊಸ ಕ್ಯಾಪ್ಸೂಲ್ ತಂದು 1,200 ಮಿಲಿಗ್ರಾಂಗೆ ಏರಿಸಬೇಕಾಯಿತು. ಮಾರಾಟ ಶುರುವಾದ ಮೇಲೆ ಸರಿ ಡೋಸ್ ಹುಡುಕುವ ಆತುರ ಯಾರಿಗೂ ಇರುವುದಿಲ್ಲ ಎಂಬುದು ಆ ಪತ್ರದವರ ಭಯವಾಗಿತ್ತು.

ರಿಟೊನಾವಿರ್ ಎಂಬ ಇನ್ನೊಂದು ಔಷಧದಲ್ಲಿ, ಬೇಗ ಬೇಕು ಎಂಬ ಹಟವೂ ಗಟ್ಟಿ ಪುರಾವೆ ಬೇಕು ಎಂಬ ಹಟವೂ ಒಂದಾದವು. ಸ್ಪೆನ್ಸರ್ ಕಾಕ್ಸ್ ಎಂಬ ಕಾರ್ಯಕರ್ತ ಆ ಪ್ರಯೋಗದ ವಿನ್ಯಾಸಕ್ಕೆ ಕೈಜೋಡಿಸಿದ್ದರು: ಸಿಡಿ4 100ಕ್ಕಿಂತ ಕೆಳಗಿಳಿದಿದ್ದ 1,090 ಮಂದಿ, ಅವರು ಆಗಲೇ ನುಂಗುತ್ತಿದ್ದ ಔಷಧಗಳನ್ನು ಬಿಡಬೇಕಿಲ್ಲ, ಅದರ ಜೊತೆಗೆ ರಿಟೊನಾವಿರ್ ಅಥವಾ ಪ್ಲಸೀಬೊ, ಅಳೆಯುವುದು ಕಾಯಿಲೆ ಮತ್ತು ಸಾವನ್ನು. ತಿಂಗಳುಗಳಲ್ಲೇ ಉತ್ತರ ಬಂತು, ಸಾವು ಅರ್ಧದಷ್ಟು ಇಳಿದಿತ್ತು. 1996ರ ಮಾರ್ಚ್ 1ರಂದು ಪರವಾನಗಿ. ಪ್ಲಸೀಬೊ ಇತ್ತು, ಆದರೆ ಕೈಯಲ್ಲಿದ್ದ ಔಷಧವನ್ನು ಯಾರೂ ಬಿಡಬೇಕಿರಲಿಲ್ಲ. ಮಾತ್ರೆ ಹಂಚಿಕೊಳ್ಳಲು ಕಾರಣವೂ ಉಳಿಯಲಿಲ್ಲ.

ಹೆಂಗಸರ ವಿಷಯದಲ್ಲಂತೂ ಕ್ರೇಮರ್ ಹೆಸರು ಬರುವುದೇ ಇಲ್ಲ. ಏಡ್ಸ್‌ನ ಸರ್ಕಾರಿ ವ್ಯಾಖ್ಯೆ ಗಂಡಸರ ಕಾಯಿಲೆಗಳನ್ನು ನೋಡಿ ಬರೆದದ್ದು. ಗರ್ಭಕಂಠದ ಕ್ಯಾನ್ಸರಿನಿಂದ ಸಾಯುವ ಸೋಂಕಿತೆಗೆ ‘ಏಡ್ಸ್’ ಇಲ್ಲ, ಆದ್ದರಿಂದ ಅಂಗವಿಕಲ ಭತ್ಯೆಯೂ ಇಲ್ಲ. ಮ್ಯಾಕ್ಸೀನ್ ವುಲ್ಫ್, ಜೈಲಿನಲ್ಲಿದ್ದು ಬಂದ ಕತ್ರೀನಾ ಹ್ಯಾಸ್ಲಿಪ್, ವಕೀಲೆ ಟೆರಿ ಮೆಕ್‌ಗವರ್ನ್ ಮುಂತಾದವರು ವರ್ಷಗಟ್ಟಲೆ ಹೋರಾಡಿದ ಮೇಲೆ 1993ರ ಜನವರಿ 1ರಿಂದ ಆ ಕ್ಯಾನ್ಸರ್, ಶ್ವಾಸಕೋಶದ ಕ್ಷಯ, ಮರುಕಳಿಸುವ ನ್ಯುಮೋನಿಯಾ, ಮತ್ತು 200ಕ್ಕಿಂತ ಕೆಳಗಿನ ಸಿಡಿ4 ವ್ಯಾಖ್ಯೆಗೆ ಸೇರಿದವು. ಹ್ಯಾಸ್ಲಿಪ್ ಅದಕ್ಕೆ ಕೆಲವೇ ವಾರ ಮೊದಲು ತೀರಿಕೊಂಡಿದ್ದರು.

ಕ್ರೇಮರ್ ಕೊನೆಯವರೆಗೂ ಕ್ರೇಮರ್ ಆಗಿಯೇ ಇದ್ದರು. ಸೋಂಕು ತಡೆಯಲು ದಿನಕ್ಕೊಂದು ಮಾತ್ರೆ ನುಂಗುವ ಪ್ರೆಪ್ ಬಂದಾಗ, 2014ರಲ್ಲಿ, ಅದು ಹೇಡಿತನ ಎಂಬರ್ಥದ ಮಾತಾಡಿದರು. ಜೀವನವಿಡೀ ಔಷಧಕ್ಕಾಗಿ ಬಡಿದಾಡಿದವರ ಬಾಯಲ್ಲಿ ಬಂದ ಅತ್ಯಂತ ತಪ್ಪು ಮಾತು ಅದೇ ಇರಬೇಕು. 2001ರಲ್ಲಿ ಅವರಿಗೆ ಯಕೃತ್ತಿನ ಕಸಿಯಾಗಿತ್ತು. ಎಚ್‌ಐವಿ ಇದ್ದವರಿಗೆ ಕಸಿ ಮಾಡುವುದು ಆಗಿನ್ನೂ ಪ್ರಯೋಗದ ಹಂತ, ಅದಕ್ಕೆ ನೆರವಾದವರಲ್ಲಿ ಫೌಚಿಯೂ ಒಬ್ಬರು. 2020ರ ಮೇ 27ರಂದು, 84ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಇಷ್ಟನ್ನೂ ನಿಮಗೇಕೆ ಬರೆಯುತ್ತಿದ್ದೇವೆ ಎಂದರೆ, ಇದರ ಒಂದೊಂದು ಎಳೆ ನಿಮ್ಮ ಕಡತದಲ್ಲಿದೆ. ನಮ್ಮ ದೇಶದಲ್ಲೂ ಮದ್ದಿಗಾಗಿ ಕಚೇರಿಯ ನೆಲದಲ್ಲಿ ಕೂತವರಿದ್ದಾರೆ: 2022ರ ಜುಲೈನಲ್ಲಿ ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧದ ಕೊರತೆಯಾದಾಗ ಸೋಂಕಿತರು ದೆಹಲಿಯಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋದ ಕಚೇರಿಯಲ್ಲಿ ತಿಂಗಳಿಗೂ ಮಿಕ್ಕಿ ಧರಣಿ ನಡೆಸಿದರು. ಪ್ರಯೋಗದ ನಿಯಮಗಳಲ್ಲೂ ಆ ಚರಿತ್ರೆಯ ಗುರುತಿದೆ. 2019ರ ನಿಯಮದಂತೆ ನಿಮ್ಮ ಕಮಿಟಿಯಲ್ಲಿ ಕನಿಷ್ಠ 7 ಜನ, ಅರ್ಧದಷ್ಟು ಹೊರಗಿನವರು, ಒಬ್ಬ ಮಹಿಳೆ, ಒಬ್ಬ ಲೇ ಪರ್ಸನ್ ಇರಬೇಕು. ಹೊಸ ಔಷಧದ ಪ್ರಯೋಗಕ್ಕೆ ದುರ್ಬಲ ಸ್ಥಿತಿಯವರ ಒಪ್ಪಿಗೆ ಪಡೆಯುವಾಗ ವಿಡಿಯೊ ಬೇಕು, ಆದರೆ ಎಚ್‌ಐವಿ ಮತ್ತು ಕುಷ್ಠರೋಗದ ಔಷಧವಾದರೆ ಧ್ವನಿಮುದ್ರಣ ಸಾಕು, ಮುಖ ಬಯಲಾಗದಿರಲಿ ಎಂದು. ಎಚ್‌ಐವಿಯಂಥ ವಿಷಯವಿದ್ದರೆ ಆ ರೋಗಿಗಳ ಪ್ರತಿನಿಧಿಯೂ ಕಮಿಟಿಯಲ್ಲಿರಬಹುದು ಎಂಬ ಸಾಲು, 2019ಕ್ಕೆ ಮೊದಲಿದ್ದ ಔಷಧ ಪ್ರಯೋಗದ ನಿಯಮವಾದ ಹಳೆಯ ಶೆಡ್ಯೂಲ್ ವೈನಲ್ಲೇ ಇತ್ತು, ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಬಾಲದೊಂದಿಗೆ. ಆ ಬಾಲವೇ ನಮ್ಮ ಚಿಂತೆ.

ಹಾಗಾಗಿ ಸಹಿ ಹಾಕುವ ಮೊದಲು ಕೇಳಿ: ಈ ಪ್ರಯೋಗಕ್ಕೆ ಸೇರಿದವರು ಯಾವ ಮಾತ್ರೆ ಬಿಡಬೇಕು, ಬಿಟ್ಟರೆ ಏನಾಗುತ್ತದೆ? ಕಂಟ್ರೋಲ್ ಗುಂಪಿನವರ, ಅಂದರೆ ಹೋಲಿಕೆಗೆಂದು ಹೊಸ ಔಷಧ ಕೊಡದೆ ಇಟ್ಟವರ, ಕೈಯಲ್ಲಿ ಏನಿರುತ್ತದೆ? ಅಳೆಯುತ್ತಿರುವುದು ಲ್ಯಾಬಿನ ಅಂಕಿಯನ್ನೋ, ರೋಗಿ ಎದ್ದು ಓಡಾಡುವುದನ್ನೋ? ಅಂಕಿಯಾದರೆ, ಮುಂದಿನ ದೊಡ್ಡ ಪ್ರಯೋಗಕ್ಕೆ ಗಡುವು ಎಲ್ಲಿ ಬರೆದಿದೆ? ಗರ್ಭಿಣಿಯಾಗಬಹುದಾದವರನ್ನು ಹೊರಗಿಟ್ಟಿದ್ದರೆ, ಅವರಿಗೆ ಸರಿ ಡೋಸ್ ಯಾವುದೆಂದು ಗೊತ್ತಾಗುವುದು ಯಾವಾಗ? ಪ್ರಯೋಗ ಮುಗಿದ ಮರುದಿನ ಔಷಧ ಯಾರು ಕೊಡುತ್ತಾರೆ? ಇವಕ್ಕೆ ಎಂಬಿಬಿಎಸ್ ಬೇಡ.

ಮುಂದಿನ ಸಭೆಯ ಪಟ್ಟಿಯಲ್ಲಿ ಎಚ್‌ಐವಿಯದೋ ಕ್ಷಯದ್ದೋ ಪ್ರಯೋಗವಿದ್ದರೆ, ಆ ಕಾಯಿಲೆಯ ಒಬ್ಬರನ್ನು ಕರೆಯಿರಿ. ಪ್ರೋಟೋಕಾಲ್‌ನ ಕನ್ನಡ ಸಾರಾಂಶವನ್ನು, ಅದರ ಪದಕೋಶದ ಸಮೇತ, ಎರಡು ವಾರ ಮುಂಚೆ ಅವರ ಕೈಗೆ ತಲುಪಿಸಿ. ಸಭೆಯ ಬೆಳಗ್ಗೆ 200 ಪುಟದ ಇಂಗ್ಲಿಷ್ ಕಡತ ಕೊಟ್ಟರೆ ಕುರ್ಚಿ ತುಂಬಿಸಿದಂತೆ, ಅಷ್ಟೆ.

ಇಂತಿ,
ಔಷಧ ಪ್ರಯೋಗಗಳ ಚರಿತ್ರೆಯನ್ನು ಬಲ್ಲ ಕೆಲವರು